ಕೆಟಲ್ ಕಾಯಿಸುವವನು

(ಡಂಡೀ, ಸ್ಕಾಟ್ಲೆಂಡ್; ಸೆಣಬಿನ ಗಿರಣಿಗಳ ಕಾಲ)

ಐದೂವರೆಗೆ ಗಿರಣಿಯ ಸೈರನ್ನು
ಊರನ್ನು ಕೊರಳಪಟ್ಟಿ ಹಿಡಿದು ಎಬ್ಬಿಸುತ್ತದೆ.
ಗ್ರಿಜೆಲ್‌ಗೆ ಅದು ಕೇಳುವುದಿಲ್ಲ.
ಅವಳ ಹೆಗಲು ಅಲುಗಿಸುವುದು ನನ್ನ ಕೆಲಸ,
ಒಲೆಗೆ ಕಲ್ಲಿದ್ದಲು, ಕೆಟಲಿಗೆ ನೀರು,
ಮಗುವಿನ ಮೂಗೊರೆಸಿ ಮತ್ತೆ ನೀರು.
ನಮ್ಮಂಥ ಗಂಡಸರಿಗೆ ಈ ಊರಿಟ್ಟ ಹೆಸರು
ಕೆಟಲ್ ಕಾಯಿಸುವವರು.
ಹೆಂಗಸರು ನಗುತ್ತ ಅಂದರೆ ನಾನೂ ನಗುತ್ತೇನೆ.
ಗಂಡಸರೇ ಅಂದ ದಿನ
ಸಕ್ಕರೆ ಡಬ್ಬಿಯ ಮುಚ್ಚಳ ಸರಿಯಾಗಿ ಕೂರುವುದಿಲ್ಲ.

ನಾನೂ ಇದ್ದೆ ಅಲ್ಲಿ, ಹತ್ತರಿಂದ ಹದಿನೆಂಟರವರೆಗೆ.
ಮೊದಮೊದಲು ಅರ್ಧ ದಿನ ಶಾಲೆ, ಅರ್ಧ ದಿನ ಬಾಬಿನ್ನು.
ಮಗ್ಗಿ ಹೇಳುತ್ತಲೇ ನಿದ್ದೆ;
ಏಳೆಂಟ್ಲಿ ಎಷ್ಟೆಂದು
ಇವತ್ತಿಗೂ ಬೆರಳೆಣಿಸುತ್ತೇನೆ.
ಆಮೇಲೆ ಮೀಸೆ ಮೂಡಿತು.
ಮೀಸೆ ಮೂಡಿದವನಿಗೆ ಗಂಡಸಿನ ಕೂಲಿ ಕೊಡಬೇಕಲ್ಲ,
ಹುಟ್ಟುಹಬ್ಬದ ಮರುದಿನವೇ ಟೋಪಿ ಕೈಗಿತ್ತು
ಬಾಗಿಲು ತೋರಿಸಿದ ಪೆಟ್ರಿ ಮೇಸ್ತ್ರಿ.
ಒಳಗುಳಿದಳು ಗ್ರಿಜೆಲ್. ಎರಡು ಮಗ್ಗ, ಮುಕ್ಕಾಲು ಕೂಲಿ.

ಅಲ್ಲಿಯ ಪ್ರೀತಿಗೆ ದನಿಯಿರಲಿಲ್ಲ.
ಇನ್ನೂರು ಮಗ್ಗ ಒಮ್ಮೆಗೇ ಬಡಿಯುವಾಗ
ತುಟಿಯಲ್ಲೇ ಆಡಬೇಕು ಮಾತೆಲ್ಲ.
ಮೂರು ಸಾಲಿನಾಚೆಯಿಂದ ಅವಳು
"ಭಾನುವಾರ, ನದೀದಂಡೆ" ಅಂದಳು;
ನಾನು ಓದಿಕೊಂಡದ್ದು "ಭಾನುವಾರ ನಿನಗೆ ದಂಡ."
ಯಾವ ತಪ್ಪಿಗಪ್ಪಾ ಎಂದು ಎರಡು ವಾರ
ಅವಳ ಕಣ್ಣಿಗೇ ಬೀಳಲಿಲ್ಲ.
ಈಗ ಮನೆಯಲ್ಲಿ ಜಗಳವಾದರೆ
ಎದ್ದು ದೀಪ ಆರಿಸಿಬಿಡುತ್ತಾಳೆ.
ಕತ್ತಲಲ್ಲಿ ನನ್ನ ಬಾಯಿಗೆ ಬೆಲೆಯಿಲ್ಲ.

ಸೆಣಬು ಬರುವುದು ಬಂಗಾಳದ ಕೆಸರಿನಿಂದ.
ಅದನ್ನು ಮೆತ್ತಗಾಗಿಸುವ ತಿಮಿಂಗಿಲದೆಣ್ಣೆ
ಹಿಮದ ಕಡಲಿನಿಂದ.
ಒಂದನ್ನೊಂದು ಎಂದೂ ಕಾಣದ ಆ ಎರಡು ನೀರು
ನನ್ನ ಹೆಂಡತಿಯ ಕೂದಲಲ್ಲಿ ಸೇರುತ್ತವೆ,
ಎಷ್ಟು ತೊಳೆದರೂ ದಿಂಬಿಗದೇ ವಾಸನೆ.
ಅವಳು ನೇಯ್ದದ್ದು ಬ್ರೆಜಿಲ್ಲಿನ ಕಾಫಿ ಹೊತ್ತಿದೆ,
ಒಡೆಸ್ಸಾದ ಗೋಧಿ, ಯಾವುದೋ ಯುದ್ಧದ ಮರಳು.
ಅವಳು ಟೇ ನದಿಯ ಸೇತುವೆ ದಾಟಿದ್ದು ಒಮ್ಮೆ,
ಅತ್ತೆಯ ಮಣ್ಣಿಗೆ.

ಅವಳಣ್ಣ ಲಾಕಿ ಹೂಗ್ಲಿ ದಂಡೆಗೆ ಹೋದ,
ಅಲ್ಲಿ ಮಗ್ಗ ಜೋಡಿಸಲು, ಅಲ್ಲಿಯವರಿಗೆ ಕೆಲಸ ಕಲಿಸಲು.
ಕಾಗದ ಬರೆದ:
ಇಲ್ಲಿ ನನಗೆ ಪಂಖಾ ಎಳೆಯಲೊಬ್ಬ, ಬೂಟು ತೊಡಿಸಲೊಬ್ಬ.
ನಾವು ಗನ್ನಿ ಅನ್ನುತ್ತೇವಲ್ಲ, ಅದು ಇವರ ಗೋಣಿಯೇ ಅಂತೆ.
(ನಾರೂ ನಮ್ಮದಲ್ಲ, ಮಾತೂ ನಮ್ಮದಲ್ಲ;
ಕೆಮ್ಮು ಮಾತ್ರ ಅಪ್ಪಟ ಡಂಡೀಯದು.)
ಝುಮ್ಮನ್ ಅಂತ ಒಬ್ಬ ಹುಡುಗನಿದ್ದಾನೆ,
ಬಾಬಿನ್ನು ಬದಲಿಸುವವನು, ಹತ್ತು ದಾಟಿರಲಿಕ್ಕಿಲ್ಲ,
ನಿಂತೇ ನಿದ್ದೆ ಹೊಡೆಯುತ್ತಾನೆ,
ನಿನ್ನ ಗಂಡ ವಾಟಿಯ ಹಾಗೆ.
ಆ ಸಾಲಿರುವ ಹಾಳೆಯನ್ನು ನಾನು ಗ್ರಿಜೆಲ್‌ಗೆ ಕೊಡಲಿಲ್ಲ.
ಒಲೆಗೂ ಹಾಕಲಿಲ್ಲ.

ಲಾಕಿ ಚೆನ್ನಾಗಿಯೇ ಕಲಿಸಿದ.
ಅಲ್ಲಿಯ ಚೀಲ ಇಲ್ಲಿಯ ಬಂದರಿಗೇ ಬಂದು
ನಮ್ಮದಕ್ಕಿಂತ ಅಗ್ಗಕ್ಕೆ ಇಳಿಯತೊಡಗಿತು.
ಮಾರ್ಚಿಯ ಒಂದು ಮಂಗಳವಾರ ಇಂಜಿನ್ನು ನಿಂತಿತು.
ಕಿವಿಯಿದ್ದವರು ತಲೆಯೆತ್ತುವ ಮೊದಲೇ
ಅವಳ ಅಂಗಾಲಿಗೆ ಗೊತ್ತಾಯಿತಂತೆ.
ನೆಲ ಸತ್ತಿತು,
ಅಂದಳು ತುಟಿಯಲ್ಲಿ, ಬಾಗಿಲಲ್ಲೇ ನಿಂತು.

ಬೆಳಿಗ್ಗೆ ಹನ್ನೊಂದು ಗಂಟೆ.
ಭಾನುವಾರ ಬಿಟ್ಟರೆ ಆ ಹೊತ್ತಿನ ಬೆಳಕಲ್ಲಿ
ಅವಳನ್ನು ನಾನು ನೋಡಿದ್ದೇ ಇಲ್ಲ.
ಹುಬ್ಬಿಗೆ ಮೆತ್ತಿದ ನಾರು, ಯಾರೋ ಮುದುಕಿಯ ಹಾಗೆ.
ಒಂದೇ ಕೋಣೆ, ಒಂದೇ ಒಲೆ, ಈಗ ನಾಲ್ಕು ಕೈ.
ಕೆಟಲನ್ನು ಅವಳೇ ಒಲೆಗಿಟ್ಟಳು.
ನಾನೆಲ್ಲಿ ನಿಲ್ಲಲಿ?
ನೀರು ಹಾಡತೊಡಗಿತು ಎನ್ನಲು ಬಾಯಿ ತೆರೆದೆ,
ಅವಳು ನನ್ನ ಕಡೆ ನೋಡುತ್ತಿರಲಿಲ್ಲ.
ಏಪ್ರನ್ನಿನ ತುದಿ ಮಡಚಿ ಹಿಡಿಕೆ ಹಿಡಿದು
ಕುದಿ ಕೈಗೆ ತಾಕುವವರೆಗೂ ಕಾದಳು.
ಆಮೇಲೆ ಚಾದೆಲೆ,
ಎರಡು ಚಮಚ ಹಾಕುವಲ್ಲಿ ಒಂದು.